ಮಾತೆ ಅನ್ನಾ ಡೆಂಗಲ್: ಹೆರಿಗೆಮನೆಯ ಬಾಗಿಲು ತೆರೆಸಿದವರು

ಡೋರ್ನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರಕ್ಕೆ ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆಗಳಿಂದ ಸುಖಪ್ರಸವದ ಹರಕೆ ಹೊತ್ತು ಬರುವ ಕುಟುಂಬಗಳುಂಟು. ಅದೇ ಗರ್ಭಿಣಿಗೆ ಹೆರಿಗೆ ಕಷ್ಟವಾಗಿ ಆಸ್ಪತ್ರೆಗೆ ಒಯ್ದಾಗ, ಅಲ್ಲಿ ಕನ್ಯಾಸ್ತ್ರೀಯೊಬ್ಬರು ವೈದ್ಯೆಯಾಗಿಯೋ ದಾದಿಯಾಗಿಯೋ ಬಳಿ ನಿಂತರೆ ನಮಗೆ ಅಚ್ಚರಿ ಎನಿಸುವುದಿಲ್ಲ. ಆದರೆ 1936ರವರೆಗೆ ಧರ್ಮಸಭೆಯ ಕಾನೂನೇ ಇದಕ್ಕೆ ಅಡ್ಡವಾಗಿತ್ತೆಂಬುದನ್ನು ನಮ್ಮ ಜನ ಬಹುಮಟ್ಟಿಗೆ ಅರಿಯರು. ವ್ರತ ಸ್ವೀಕರಿಸಿದ ಭಗಿನಿಯರು ವೈದ್ಯವೃತ್ತಿ ನಡೆಸುವಂತಿರಲಿಲ್ಲ. ಹೆರಿಗೆಯ ಶುಶ್ರೂಷೆಯಂತೂ ಅವರಿಗೆ ಸಲ್ಲದೆಂದು ಎಣಿಸಲಾಗಿತ್ತು.

ಆ ಅಡ್ಡಿಯನ್ನು ನಿವಾರಿಸಲು ಶ್ರಮಿಸಿದವರಲ್ಲಿ ಮುಖ್ಯರು ಮಾತೆ ಅನ್ನಾ ಡೆಂಗಲ್. ಅವರು 1892ರ ಮಾರ್ಚ್ 16ರಂದು ಆಸ್ಟ್ರಿಯದ ಟಿರೋಲ್ ಪ್ರಾಂತದ ಸ್ಟೀಗ್ ಎಂಬ ಗ್ರಾಮದಲ್ಲಿ ಜನಿಸಿದರು. ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡ ಈ ಬಾಲಕಿಯ ಬಾಳಿಗೆ ದಿಕ್ಕು ತೋರಿದವರು ಆಕೆ ಎಂದೂ ಮುಖತಃ ಕಾಣದ ಓರ್ವ ವೃದ್ಧೆ.

ಆ ವೃದ್ಧೆ ಸ್ಕಾಟ್ಲೆಂಡಿನ ಡಾ. ಆಗ್ನೆಸ್ ಮೆಕ್ಲಾರೆನ್. ಸ್ತ್ರೀಯರಿಗೆ ವೈದ್ಯಶಿಕ್ಷಣವೇ ದುರ್ಲಭವಾಗಿದ್ದ ಕಾಲದಲ್ಲಿ, 1878ರಲ್ಲಿ, ಫ್ರಾನ್ಸಿನಲ್ಲಿ ವೈದ್ಯಪದವಿ ಪಡೆದವರು. ಅರುವತ್ತು ದಾಟಿದ ಮೇಲೆ ಕಥೋಲಿಕ ಧರ್ಮಸಭೆಯನ್ನು ಸೇರಿ, ಎಪ್ಪತ್ತರ ಇಳಿವಯಸ್ಸಿನಲ್ಲಿ ಇಂದು ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯಲ್ಲಿ ಸಂತ ಕ್ಯಾಥರಿನ್ ಆಸ್ಪತ್ರೆಯ ಸ್ಥಾಪನೆಗೆ ಕಾರಣರಾದರು. ಭಗಿನಿಯರಿಗೆ ವೈದ್ಯಸೇವೆಯ ಅನುಮತಿ ಬೇಡಿ ರೋಮಿಗೆ ಮತ್ತೆ ಮತ್ತೆ ಹೋದರು, ಬರಿಗೈಯಲ್ಲಿ ಹಿಂದಿರುಗಿದರು. ಅನ್ನಾ ಅವರಿಗೆ ಪತ್ರ ಬರೆದಾಗ, ಭಾರತದಲ್ಲಿ ಬ್ರಿಟಿಷ್ ಪದವಿಗಷ್ಟೇ ಮಾನ್ಯತೆ ಇರುವುದರಿಂದ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಓದಬೇಕೆಂದು ಸೂಚಿಸಿದರು. ಇಬ್ಬರೂ ಭೇಟಿಯಾಗುವ ಮೊದಲೇ, 1913ರಲ್ಲಿ, ಆಗ್ನೆಸ್ ನಿಧನರಾದರು.

ಅನ್ನಾ 1919ರಲ್ಲಿ ಪದವೀಧರೆಯಾಗಿ ಮರುವರ್ಷ ರಾವಲ್ಪಿಂಡಿಗೆ ಬಂದರು. ಅಲ್ಲಿ ಕಂಡದ್ದೇನು? ಪರದೆಯ ಹಿಂದಿನ ಸ್ತ್ರೀಯರನ್ನು ಪರಪುರುಷನಾದ ವೈದ್ಯ ಮುಟ್ಟುವಂತಿರಲಿಲ್ಲ. ಶಿಶು ಗರ್ಭದಲ್ಲಿ ಅಡ್ಡಲಾಗಿ ನಿಂತರೆ, ನೋವು ಬಂದೂ ಹೆರಿಗೆ ಮುಂದುವರಿಯದಿದ್ದರೆ, ಕಸ ಬೀಳದೆ ರಕ್ತ ಹರಿಯತೊಡಗಿದರೆ, ತಿಳಿದವರ ಕೈ ಬೇಕು. ಸೂಲಗಿತ್ತಿಯ ಅನುಭವಕ್ಕೆ ಅಲ್ಲೊಂದು ಎಲ್ಲೆಯಿದೆ. ಆಸ್ಪತ್ರೆ ಹತ್ತಿರವಿದ್ದೂ, ಮುಟ್ಟತಕ್ಕ ಕೈ ಇಲ್ಲವೆಂಬ ಕಾರಣಕ್ಕೇ ತಾಯಂದಿರು ಸಾಯುತ್ತಿದ್ದರು. ಸ್ತ್ರೀಯರ ಸೇವೆಗೆ ಹೋಗಬಲ್ಲವರು ಸ್ತ್ರೀಯರೇ. ಜೀವನವನ್ನೇ ಮುಡಿಪಿಟ್ಟ ಭಗಿನಿಯರೋ, ಕಾನೂನಿನ ಆಚೆ ನಿಂತಿದ್ದರು. ಒಂದು ಕಡೆ ಸಮಾಜದ ಪರದೆ, ಇನ್ನೊಂದು ಕಡೆ ನಮ್ಮದೇ ಪರದೆ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವವರಿಗೆ ಸಾಧ್ಯ, ಸಾಧನಗಳ ಭೇದವನ್ನು ಮೊದಲ ವರ್ಷವೇ ಕಲಿಸುತ್ತಾರೆ. ಆ ನಿಯಮವನ್ನು ರಚಿಸಿದವರು ದುಷ್ಟರಲ್ಲ. ಬ್ರಹ್ಮಚರ್ಯ ವ್ರತದ ರಕ್ಷಣೆ ಅವರ ಉದ್ದೇಶ. ಆದರೆ ವ್ರತವಿರುವುದು ಪ್ರೀತಿಗಾಗಿ. ಪ್ರೀತಿಯ ಕಾರ್ಯವನ್ನೇ ತಡೆಯುವ ಸಾಧನವನ್ನು ಮರುಪರಿಶೀಲಿಸುವುದು ಅವಿಧೇಯತೆಯಲ್ಲ. ಅನ್ನಾ ಕಾನೂನನ್ನು ಮುರಿಯಲಿಲ್ಲ, ಕಾನೂನು ಸರಿಯೆಂದು ಸುಮ್ಮನಾಗಲೂ ಇಲ್ಲ. ಇವೆರಡರ ನಡುವಿನ ದಾರಿ ಬಹಳ ಉದ್ದವಾದದ್ದು.

1925ರ ಸೆಪ್ಟೆಂಬರ್ 30ರಂದು ಅಮೆರಿಕದ ವಾಷಿಂಗ್ಟನ್‌ನಲ್ಲಿ ಇನ್ನೊಬ್ಬ ವೈದ್ಯೆ ಹಾಗೂ ಇಬ್ಬರು ದಾದಿಯರೊಡನೆ ಅವರು ವೈದ್ಯಕೀಯ ಮಿಷನ್ ಭಗಿನಿಯರ ಸಂಘವನ್ನು ಆರಂಭಿಸಿದರು. ಬಹಿರಂಗ ವ್ರತವಿಲ್ಲದ ಭಕ್ತಸಂಘವಾಗಿ ಉಳಿದರೆ ಮಾತ್ರ ವೈದ್ಯಸೇವೆ ಸಾಧ್ಯವಿತ್ತು. ಭಗಿನಿಯರಂತೆ ಬಾಳುತ್ತಾ ಭಗಿನಿಯರೆಂಬ ಪೂರ್ಣ ಮನ್ನಣೆಯಿಲ್ಲದೆ ಹನ್ನೊಂದನೆಯ ವರ್ಷದವರೆಗೆ ಕಾದರು. ಕೊನೆಗೆ, ಹನ್ನೊಂದನೆಯ ಪಯಸ್ ಜಗದ್ಗುರುಗಳಾಗಿದ್ದಾಗ, 1936ರ ಫೆಬ್ರವರಿ 11ರಂದು, ಲೂರ್ದುಮಾತೆಯ ಹಬ್ಬದ ದಿನ, ರೋಮಿನ ಆದೇಶ ಹೊರಟಿತು. ಭಗಿನಿಯರು ವೈದ್ಯಶಾಸ್ತ್ರವನ್ನೂ ಪ್ರಸೂತಿಶಾಸ್ತ್ರವನ್ನೂ ಕಲಿತು ತಾಯಿ ಮಕ್ಕಳ ಸೇವೆಗೆ ಹೋಗಬಹುದೆಂದಾಯಿತು. ನಿಷೇಧಿಸಿದ್ದನ್ನೇ ಧರ್ಮಸಭೆ ಪ್ರೋತ್ಸಾಹಿಸತೊಡಗಿತು.

ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಹೆರಿಗೆ ತಡವಾದಾಗ ಕೆಲವರು ವಾಹನಕ್ಕಿಂತ ಮೊದಲು ಗುರುಗಳಿಗೆ ಹೇಳಿಕಳುಹಿಸುತ್ತಾರೆ. ಪುರುಷ ವೈದ್ಯರೆಂದು ಹಿಂಜರಿಯುವ ಮನೆಗಳೂ ಇವೆ. ಅಮ್ಮಂದಿರೇ, ಅಪ್ಪಂದಿರೇ, ಮೊದಲು ವಾಹನಕ್ಕೆ ಹೇಳಿ. ಪ್ರಾರ್ಥನೆ ದಾರಿಯಲ್ಲಿಯೂ ಸಲ್ಲುತ್ತದೆ. ಅಭ್ಯಂಗ ಸಂಸ್ಕಾರಕ್ಕೆ ನಾವು ಆಸ್ಪತ್ರೆಗೇ ಬರುತ್ತೇವೆ.

ಡೆಂಗಲ್ ಅವರ ಭಗಿನಿಯರ ಆಸ್ಪತ್ರೆಗಳು ರಾವಲ್ಪಿಂಡಿ, ಪಾಟ್ನಾ, ದೆಹಲಿಗಳಲ್ಲಿ ಬೆಳೆದವು. 1948ರಲ್ಲಿ ಲೊರೆಟೊ ಕಾನ್ವೆಂಟನ್ನು ಬಿಟ್ಟು ಹೊರಟ ಮದರ್ ತೆರೇಸಾ ಮೊದಲು ಹೋದದ್ದು ಪಾಟ್ನಾದ ಅವರ ಪವಿತ್ರ ಕುಟುಂಬ ಆಸ್ಪತ್ರೆಗೆ, ಶುಶ್ರೂಷೆಯನ್ನು ಕಲಿಯಲು. ಬರಿಯ ಅನ್ನ, ಉಪ್ಪು ತಿಂದು ಬದುಕುವ ಅವರ ಸಂಕಲ್ಪವನ್ನು, ಹಾಗೆ ಬದುಕಿದರೆ ಬಡವರ ಸೇವೆಗೆ ಶಕ್ತಿ ಉಳಿಯದೆಂದು ತಿದ್ದಿದವರೂ ಆ ಭಗಿನಿಯರೇ.

ಮಾತೆ ಅನ್ನಾ 1980ರ ಏಪ್ರಿಲ್ 17ರಂದು ರೋಮಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಅವರೆಂದೂ ಕಾಣದ ಆಗ್ನೆಸ್ ಮೆಕ್ಲಾರೆನ್ ತೀರಿಕೊಂಡದ್ದೂ 67 ವರ್ಷಗಳ ಹಿಂದೆ ಅದೇ ಏಪ್ರಿಲ್ 17ರಂದು.