ದಾಂಡೇಲಿ ಕಾಡನ್ನು ಜರ್ಮನಿಯವರು ನೆಟ್ಟರಾ? ಮರ ಎಣಿಸಿದ ಬ್ರಾಂಡಿಸ್ ಅವರ ನಿಜ ಕಥೆ

ದಾಂಡೇಲಿಗೆ ಹೋಗಿ ಬಂದವರ ಗ್ರೂಪ್‌ಗಳಲ್ಲಿ ಕಾಳಿ ನದಿಯ ಫೋಟೋ, ಮಂಗಟ್ಟೆ ಹಕ್ಕಿಯ ವಿಡಿಯೋಗಳ ಜೊತೆಗೆ ಎರಡು ಬಗೆಯ ಮಾತುಗಳೂ ಓಡಾಡುತ್ತವೆ. ಒಂದರ ಪ್ರಕಾರ, ಬ್ರಿಟಿಷರು ಬರುವ ಮೊದಲು ನಮ್ಮವರಿಗೆ ಕಾಡು ಕಾಯುವುದೇ ಗೊತ್ತಿರಲಿಲ್ಲ, ಜರ್ಮನಿಯ ಒಬ್ಬ ಅಧಿಕಾರಿ ಬಂದು ಸಾಗವಾನಿ ನೆಡಿಸಿದ್ದರಿಂದ ಇಂದು ಕಾಡು ಉಳಿದಿದೆ. ಇನ್ನೊಂದರ ಪ್ರಕಾರ, ಅದೇ ಅಧಿಕಾರಿ ನಮ್ಮ ಕಾಡನ್ನೆಲ್ಲ ಕಡಿದು ಇಂಗ್ಲೆಂಡಿಗೆ ಸಾಗಿಸಿದ ಲೂಟಿಕೋರ.

ಎರಡೂ ಅರ್ಧ ಸತ್ಯ. ಆ ಅಧಿಕಾರಿಯ ಹೆಸರು ಡೀಟ್ರಿಶ್ ಬ್ರಾಂಡಿಸ್. ತೀರಿಕೊಂಡು ನೂರು ವರ್ಷ ದಾಟಿದೆ. ಆದರೂ ಹಳಿಯಾಳ, ಜೋಯಿಡಾ, ಮುಂಡಗೋಡಿನ ರೈತನೊಬ್ಬ ಇವತ್ತು ಅತಿಕ್ರಮಣದ ನೋಟಿಸ್ ಹಿಡಿದು ಕಚೇರಿಗೆ ಅಲೆಯುತ್ತಿದ್ದರೆ, ಆ ಕಥೆಯ ಒಂದು ಎಳೆ ಬ್ರಾಂಡಿಸ್ ಅವರ ಕಾಲಕ್ಕೆ ಹೋಗಿ ಮುಟ್ಟುತ್ತದೆ. ಹಾಗಾಗಿ ಅವರ ಬದುಕನ್ನು ಸ್ವಲ್ಪ ಬಿಡಿಸಿ ನೋಡೋಣ.

ಯಾರು ಈ ಬ್ರಾಂಡಿಸ್?

ಬ್ರಾಂಡಿಸ್ ಹುಟ್ಟಿದ್ದು 1824ರಲ್ಲಿ, ಜರ್ಮನಿಯ ಬಾನ್ ನಗರದಲ್ಲಿ. ತಂದೆ ತತ್ವಶಾಸ್ತ್ರದ ಪ್ರಾಧ್ಯಾಪಕರು. ತಂದೆಗೆ ಗ್ರೀಸಿನ ರಾಜನ ಆಸ್ಥಾನದಲ್ಲಿ ಕೆಲಸ ಸಿಕ್ಕಿದ್ದರಿಂದ ಬಾಲ್ಯದ ಕೆಲವು ವರ್ಷ ಅಥೆನ್ಸಿನಲ್ಲಿ ಕಳೆಯಿತು. ಮುಂದೆ ಸಸ್ಯಶಾಸ್ತ್ರ ಓದಿ ಬಾನ್ ವಿಶ್ವವಿದ್ಯಾಲಯದಲ್ಲೇ ಪಾಠ ಹೇಳತೊಡಗಿದರು.

ಇಲ್ಲೊಂದು ಸ್ವಾರಸ್ಯವಿದೆ. ಭಾರತದ ಅರಣ್ಯ ಇಲಾಖೆಗೆ ತಳಪಾಯ ಹಾಕಿದ ಈ ವ್ಯಕ್ತಿ ಅರಣ್ಯಶಾಸ್ತ್ರದ ಶಾಲೆಯಲ್ಲಿ ಕಲಿತವರೇ ಅಲ್ಲ, ಗಿಡಮರ ಗೊತ್ತಿದ್ದ ಮೇಷ್ಟ್ರು. ಭಾರತದ ದಾರಿ ತೆರೆದದ್ದು ಮದುವೆಯಿಂದ. ಅವರ ಮೊದಲ ಪತ್ನಿ ರೇಚಲ್, ಬಂಗಾಳದ ಸೆರಾಂಪುರದ ಪ್ರಸಿದ್ಧ ಪಾದ್ರಿ ಮಾರ್ಷ್‌ಮನ್ ಅವರ ಮಗಳು. ಆಕೆಯ ಅಕ್ಕನ ಗಂಡ ಸೇನಾಧಿಕಾರಿ ಹೆನ್ರಿ ಹ್ಯಾವ್‌ಲಾಕ್. ಈ ನಂಟಿನ ಮೂಲಕ ಬ್ರಾಂಡಿಸ್ ಹೆಸರು ಗವರ್ನರ್ ಜನರಲ್ ಡಾಲ್‌ಹೌಸಿಯ ಕಿವಿಗೆ ಬಿತ್ತು. 1856ರಲ್ಲಿ ಬರ್ಮಾದ ಪೆಗು ಪ್ರಾಂತ್ಯದ ಸಾಗವಾನಿ ಕಾಡುಗಳ ಉಸ್ತುವಾರಿ ಅವರಿಗೆ ಸಿಕ್ಕಿತು.

ಆನೆಯ ಮೇಲೆ ಕೂತು ಮರ ಎಣಿಸಿದ್ದು

ಆಗ ಸಾಗವಾನಿಗೆ ಎಲ್ಲಿಲ್ಲದ ಬೇಡಿಕೆ. ನೀರು, ಗೆದ್ದಲು ಎರಡನ್ನೂ ತಡೆಯುವ ಮರವಾದ್ದರಿಂದ ಹಡಗಿಗೆ ಅದೇ ಬೇಕು. ರೈಲು ಹಳಿ ಬರತೊಡಗಿದ ಮೇಲೆ ಹಳಿಯಡಿಯ ಸ್ಲೀಪರ್‌ಗೂ ಗಟ್ಟಿ ಮರ ಬೇಕಾಯಿತು. ವ್ಯಾಪಾರಿಗಳು ಕೈಗೆ ಸಿಕ್ಕಷ್ಟು ಕಡಿಯುತ್ತಿದ್ದರು. ಕಾಡಿನಲ್ಲಿ ಎಷ್ಟು ಮರ ಇವೆ, ವರ್ಷಕ್ಕೆ ಎಷ್ಟು ಬೆಳೆಯುತ್ತವೆ ಎಂಬ ಲೆಕ್ಕ ಮಾತ್ರ ಯಾರ ಬಳಿಯೂ ಇರಲಿಲ್ಲ.

ಬ್ರಾಂಡಿಸ್ ಕೆಲಸ ಶುರುಮಾಡಿದ್ದು ಈ ಲೆಕ್ಕದಿಂದಲೇ. ಆನೆ ಹತ್ತಿ ಕಾಡಿನ ನಡುವೆ ಒಂದು ಗೆರೆ ಹಿಡಿದು ಸಾಗುವುದು, ದಾರಿಯ ಎರಡೂ ಬದಿ ಇಂತಿಷ್ಟು ದೂರದೊಳಗೆ ಕಂಡ ಪ್ರತಿ ಸಾಗವಾನಿಯನ್ನೂ ಗಾತ್ರದ ಪ್ರಕಾರ ಗುರುತು ಹಾಕಿಕೊಳ್ಳುವುದು. ಮಳೆಯಲ್ಲಿ ಕಾಗದ ಹಿಡಿಯುವಂತಿರಲಿಲ್ಲ. ಹಾಗಾಗಿ ಕೈಯಲ್ಲಿ ನಾಲ್ಕು ಕೋಲು, ಒಂದು ಚಾಕು ಇಟ್ಟುಕೊಂಡರು. ಒಂದೊಂದು ಗಾತ್ರದ ಮರಕ್ಕೆ ಒಂದೊಂದು ಕೋಲು. ಮರ ಕಂಡಾಗ ಆಯಾ ಕೋಲಿಗೆ ಒಂದು ಕಚ್ಚು. ಸಂಜೆ ಕಚ್ಚು ಎಣಿಸಿದರೆ ಆ ದಿನದ ಲೆಕ್ಕ ಸಿದ್ಧ.

ಗೆರೆಯ ಅಕ್ಕಪಕ್ಕದ ಪಟ್ಟಿಯಲ್ಲಿ ಸಿಕ್ಕ ಸಂಖ್ಯೆಯಿಂದ ಇಡೀ ಕಾಡಿನ ಅಂದಾಜು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದ ಹಾಗೆ. ಹುಲಿ ಗಣತಿಯಲ್ಲಿ ಸಿಬ್ಬಂದಿ ನೇರ ಗೆರೆಯಲ್ಲಿ ನಡೆದು ಪ್ರಾಣಿಗಳನ್ನು ಎಣಿಸುವುದರ ಹಿಂದೆಯೂ ಇದೇ ತರ್ಕವಿದೆ.

ಇನ್ನು ಮರ ಎಷ್ಟು ಬೇಗ ಬೆಳೆಯುತ್ತದೆ ಎನ್ನುವುದನ್ನು ತಿಳಿಯುವುದು ಹೇಗೆ? ಸಾಗವಾನಿ ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳವಣಿಗೆ ನಿಲ್ಲಿಸುತ್ತದೆ, ಮಳೆ ಬಂದ ಮೇಲೆ ಮತ್ತೆ ಬೆಳೆಯುತ್ತದೆ. ಹೀಗಾಗಿ ಕಾಂಡದೊಳಗೆ ವರ್ಷಕ್ಕೊಂದು ಬಳೆ ಮೂಡುತ್ತದೆ. ಕಡಿದ ಬುಡದ ಬಳೆ ಎಣಿಸಿದರೆ ಮರದ ವಯಸ್ಸು ಗೊತ್ತಾಗುತ್ತದೆ.

ಲೆಕ್ಕದ ತಿರುಳು ಸರಳ. ಒಂದು ಕಾಡಿನಲ್ಲಿ ಕಡಿಯಲು ಬಲಿತ ಮರ 2,400 ಇವೆ, ಅದರ ಕೆಳಗಿನ ಗಾತ್ರದ ಮರಗಳು ಬಲಿತು ಆ ಜಾಗ ತುಂಬಲು 24 ವರ್ಷ ಬೇಕು ಎಂದಿಟ್ಟುಕೊಳ್ಳಿ. ಆಗ ವರ್ಷಕ್ಕೆ 100 ಮರ ಮಾತ್ರ ಕಡಿಯಬಹುದು. ಬ್ಯಾಂಕಿನಲ್ಲಿಟ್ಟ ಅಸಲು ಮುಟ್ಟದೆ ಬಡ್ಡಿಯಲ್ಲಿ ಬದುಕಿದಂತೆ. ಇದು ಜರ್ಮನಿಯಲ್ಲಿ ಹಳೆಯ ವಿಚಾರ. ಗಣಿಗಳಿಗೆ ಮರ ಸಾಲದೆ ಬಂದಾಗ 1713ರಲ್ಲೇ ಕಾರ್ಲೋವಿಟ್ಸ್ ಎಂಬ ಅಧಿಕಾರಿ ಇದರ ಬಗ್ಗೆ ಪುಸ್ತಕ ಬರೆದಿದ್ದರು. ಇಂಗ್ಲೆಂಡಿನಲ್ಲಿ ಆಗ ಅರಣ್ಯ ಶಾಲೆಯೇ ಇರಲಿಲ್ಲ. ಬ್ರಿಟಿಷರ ಅರಣ್ಯ ಇಲಾಖೆಗೆ ಜರ್ಮನಿಯವರು ಬಂದದ್ದು ಈ ಕಾರಣಕ್ಕೆ. ಬ್ರಾಂಡಿಸ್ ನಂತರದ ಮುಖ್ಯಸ್ಥರಾದ ಶ್ಲಿಖ್, ರಿಬೆನ್‌ಟ್ರಾಪ್ ಕೂಡ ಜರ್ಮನಿಯವರೇ.

ಹಾಗಾದರೆ ದಾಂಡೇಲಿಯ ಸಾಗವಾನಿ ನೆಟ್ಟಿದ್ದು ಯಾರು?

ಮೂಲತಃ ಯಾರೂ ಅಲ್ಲ. ಸಾಗವಾನಿ ಈ ನೆಲದ್ದೇ ಮರ. ಅದಕ್ಕೆ ಬಿಸಿಲು ಬೇಕು, ಮಳೆಯ ನಡುವೆ ಒಂದು ಒಣ ಕಾಲವೂ ಬೇಕು. ಹಳಿಯಾಳ, ಮುಂಡಗೋಡ, ದಾಂಡೇಲಿ ಸುತ್ತಲಿನ ಎಲೆ ಉದುರುವ ಕಾಡಿನಲ್ಲಿ ಮತ್ತಿ, ಹೊನ್ನೆ, ನಂದಿ, ಬೀಟೆ, ಬಿದಿರಿನ ಜೊತೆ ಅದು ತಾನಾಗಿಯೇ ಬೆಳೆಯುತ್ತದೆ. ಜೋಯಿಡಾದ ಪಶ್ಚಿಮಕ್ಕೆ, ಅಣಶಿ ಕಡೆಯ ಗಾಢ ನಿತ್ಯಹರಿದ್ವರ್ಣ ಕಾಡಿನ ನೆರಳು ಅದಕ್ಕೆ ಒಗ್ಗದು.

ನೆಟ್ಟ ತೋಪುಗಳೂ ಇವೆ. ಗುರುತಿಸುವುದು ಕಷ್ಟವಲ್ಲ. ಮರಗಳು ಸಾಲಾಗಿ ನಿಂತಿದ್ದು, ಎಲ್ಲದರ ದಪ್ಪವೂ ಹೆಚ್ಚುಕಡಿಮೆ ಒಂದೇ ಆಗಿದ್ದು, ನಡುವೆ ಬೇರೆ ಜಾತಿಯ ಮರ ಕಡಿಮೆ ಇದ್ದರೆ ಅದು ನೆಡುತೋಪು. ಅಂಥ ತೋಪು ದೂರದಿಂದ ಹಸಿರಾಗಿ ಕಂಡರೂ ಕಾಡಿಗೆ ಸಮವಲ್ಲ. ಮಂಗಟ್ಟೆಗೆ ಗೂಡು ಮಾಡಲು ಪೊಟರೆ ಇರುವ ಹಳೆಯ ಹೆಮ್ಮರ ಬೇಕು, ತಿನ್ನಲು ಆಲ, ಅತ್ತಿ, ಬಸರಿಯ ಹಣ್ಣು ಬೇಕು. ಸಾಗವಾನಿಯ ಸಾಲಿನಲ್ಲಿ ಅವೆರಡೂ ಸಿಗುವುದು ಕಷ್ಟ. ಬೇಸಿಗೆಯಲ್ಲಿ ಉದುರಿದ ಅದರ ಅಗಲ ಎಲೆಗಳಿಗೆ ಬೆಂಕಿಯೂ ಬೇಗ ಹತ್ತುತ್ತದೆ.

ಬ್ರಿಟಿಷರಿಗಿಂತ ಮೊದಲು ಕಾಡು ಕಾಯುವ ಪದ್ಧತಿ ಇರಲಿಲ್ಲ ಎನ್ನುವುದಂತೂ ಸುಳ್ಳು. ಇದನ್ನು ಅಲ್ಲಗಳೆಯಲು ಬ್ರಾಂಡಿಸ್ ಅವರೇ ಸಾಕ್ಷಿ. ಕೊಡಗಿನ ದೇವರಕಾಡುಗಳನ್ನು, ದೇಶದ ಬೇರೆಡೆಯ ಇಂಥ ವನಗಳನ್ನು ಜನರೇ ಕಾಯ್ದುಕೊಂಡು ಬಂದ ಕಾಡುಗಳೆಂದು ಅವರು ಬರೆದಿಟ್ಟಿದ್ದಾರೆ.

ನಮ್ಮ ತಾಲೂಕುಗಳಿಗೆ ತಟ್ಟಿದ ಬಿಸಿ

ಬರ್ಮಾದ ಕೆಲಸ ಮೆಚ್ಚುಗೆಯಾಗಿ 1864ರಲ್ಲಿ ಬ್ರಾಂಡಿಸ್ ಇಡೀ ದೇಶದ ಮೊದಲ ಅರಣ್ಯ ಇನ್‌ಸ್ಪೆಕ್ಟರ್ ಜನರಲ್ ಆದರು. ಮರುವರ್ಷವೇ ಮೊದಲ ಅರಣ್ಯ ಕಾಯ್ದೆ ಬಂತು.

ಆದರೆ ಉತ್ತರ ಕನ್ನಡದಲ್ಲಿ ಜನರ ಕೈಕಟ್ಟುವ ಕೆಲಸ ಅವರಿಗಿಂತ ಮೊದಲೇ ಶುರುವಾಗಿತ್ತು. ಇಲ್ಲಿನ ಕುಣಬಿ ಮೊದಲಾದವರು ಕುಮರಿ ಬೇಸಾಯ ಮಾಡುತ್ತಿದ್ದರು. ಕಾಡಿನ ಒಂದು ತುಂಡು ಸವರಿ, ಒಣಗಿಸಿ, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತುವುದು. ಒಂದೆರಡು ಬೆಳೆ ತೆಗೆದು ಆ ಜಾಗವನ್ನು ವರ್ಷಗಟ್ಟಲೆ ಬಿಟ್ಟು ಮುಂದೆ ಹೋಗುವುದು. ಬಿಟ್ಟ ನೆಲದಲ್ಲಿ ಮತ್ತೆ ಕಾಡು ಏಳುತ್ತಿತ್ತು. ಮರದ ಬೆಲೆ ಕಂಡ ಸರ್ಕಾರಕ್ಕೆ ಇದು ನಷ್ಟವಾಗಿ ಕಂಡಿತು. ಜಿಲ್ಲೆ ಮದ್ರಾಸ್ ಆಡಳಿತದಲ್ಲಿದ್ದಾಗಲೇ, 1860ರಲ್ಲಿ, ಅನುಮತಿ ಇಲ್ಲದ ಕುಮರಿಗೆ ತಡೆ ಬಿತ್ತು. 1862ರಲ್ಲಿ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತು.

ಬರ್ಮಾದಲ್ಲಿ ಇದೇ ಸಮಸ್ಯೆಗೆ ಬ್ರಾಂಡಿಸ್ ಬೇರೆ ದಾರಿ ಹುಡುಕಿದ್ದರು. ಅಲ್ಲಿನ ಕರೆನ್ ಜನ ಗುಡ್ಡದಲ್ಲಿ ಇಂಥದೇ ಬೇಸಾಯ ಮಾಡುತ್ತಿದ್ದರು, ಅದರ ಹೆಸರು ಟಾಂಗ್ಯಾ. ಅವರನ್ನು ಒಕ್ಕಲೆಬ್ಬಿಸುವ ಬದಲು ಭತ್ತದ ಜೊತೆಗೇ ಸಾಗವಾನಿ ಸಸಿ ನೆಡಿಸಿ ಕೂಲಿ ಕೊಟ್ಟರು. ಸರ್ಕಾರಕ್ಕೆ ತೋಪು, ಕರೆನ್ನರಿಗೆ ಬೆಳೆ. ಇದರಲ್ಲಿ ಸರ್ಕಾರದ ಲಾಭವೇ ಹೆಚ್ಚು ಎಂಬುದೂ ನಿಜ. ತೋಪು ಬೆಳೆದ ಮೇಲೆ ಆ ನೆಲ ಕರೆನ್ನರಿಗೆ ಮತ್ತೆ ಬೇಸಾಯಕ್ಕೆ ಸಿಗುತ್ತಿರಲಿಲ್ಲ.

ದೊಡ್ಡ ತಿರುವು ಬಂದದ್ದು 1878ರ ಅರಣ್ಯ ಕಾಯ್ದೆಯಲ್ಲಿ. ಅದಕ್ಕೂ ಮೊದಲು ಅಧಿಕಾರಿಗಳ ನಡುವೆ ಜೋರು ಚರ್ಚೆ ನಡೆಯಿತು. ಬೇಡನ್-ಪೊವೆಲ್ ಎಂಬ ಅಧಿಕಾರಿಯ ವಾದದಲ್ಲಿ ಕಾಡೆಲ್ಲ ಸರ್ಕಾರದ್ದು, ಜನರಿಗೆ ಇರುವುದು ಸರ್ಕಾರ ಕೊಟ್ಟ ರಿಯಾಯಿತಿ, ಅದು ಹಕ್ಕಲ್ಲ. ಬ್ರಾಂಡಿಸ್ ನಡುದಾರಿ ಹಿಡಿದರು. ಬೆಲೆಬಾಳುವ ಕಾಡು ಸರ್ಕಾರದ ಕೈಯಲ್ಲಿರಲಿ, ಆದರೆ ಸೌದೆ, ಸೊಪ್ಪು, ಮೇವಿಗೆ ಊರಿಗೊಂದು ಗ್ರಾಮ ಅರಣ್ಯ ಇರಲಿ, ಅದನ್ನು ಊರಿನವರೇ ನೋಡಿಕೊಳ್ಳಲಿ ಎಂಬುದು ಅವರ ನಿಲುವು. ಗೆದ್ದಿದ್ದು ಬಹುಮಟ್ಟಿಗೆ ಬೇಡನ್-ಪೊವೆಲ್ ವಾದ. ಗ್ರಾಮ ಅರಣ್ಯದ ಅಧ್ಯಾಯ ಕಾಯ್ದೆಯಲ್ಲಿ ಉಳಿದರೂ ಹೆಚ್ಚಿನ ಕಡೆ ಕಾಗದದಲ್ಲೇ ಉಳಿಯಿತು. ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದ ಕಾರಣ ಈ ಕಾಯ್ದೆ ಇಲ್ಲಿಗೆ ನೇರವಾಗಿ ಬಂತು.

ಅದರ ಬಿಸಿ ಆರಲೇ ಇಲ್ಲ. 1930ರಲ್ಲಿ ಜಿಲ್ಲೆಯ ಜನ ಅರಣ್ಯ ಸತ್ಯಾಗ್ರಹಕ್ಕೆ ಇಳಿದದ್ದರ ಹಿಂದೆ ಈ ಕಾಯ್ದೆಯ ಮೇಲಿನ ಸಿಟ್ಟೂ ಇತ್ತು.

ಕೊನೆಯ ವರ್ಷಗಳು

1878ರಲ್ಲೇ ಡೆಹ್ರಾಡೂನ್‌ನಲ್ಲಿ ಅರಣ್ಯ ಶಾಲೆ ಶುರುವಾಗಲು ಬ್ರಾಂಡಿಸ್ ಕಾರಣರಾದರು. ಇಲಾಖೆಯ ಮೇಲಿನ ಹುದ್ದೆಗಳಲ್ಲಿ ಭಾರತೀಯರು ಹೆಚ್ಚಬೇಕು ಎಂದೂ ಮುಂದೆ ಬರೆದರು. 1883ರಲ್ಲಿ ನಿವೃತ್ತರಾದರು. ಆಮೇಲೂ ಸುಮ್ಮನೆ ಕೂರಲಿಲ್ಲ. ಅಮೆರಿಕದ ಅರಣ್ಯ ಇಲಾಖೆ ಕಟ್ಟಿದ ಗಿಫರ್ಡ್ ಪಿಂಚೋ ಯುವಕನಾಗಿದ್ದಾಗ ಮಾರ್ಗದರ್ಶನ ಕೇಳಿ ಹೋದದ್ದು ಇವರ ಬಳಿಗೇ. ಎಂಬತ್ತು ದಾಟಿದ ಮೇಲೆ, 1906ರಲ್ಲಿ, ಭಾರತದ ಮರಗಳ ಬಗ್ಗೆ ಅವರ ದೊಡ್ಡ ಗ್ರಂಥ ಹೊರಬಂತು. ಬಿದಿರಿನ ಒಂದು ಜಾತಿಗೆ ಇಂದಿಗೂ ವಿಜ್ಞಾನದಲ್ಲಿ ಅವರದೇ ಹೆಸರಿದೆ.

1907 ಜರ್ಮನಿಯಲ್ಲಿ ಗದ್ದಲದ ವರ್ಷ. ಹ್ಯಾಂಬರ್ಗ್‌ನಲ್ಲಿ ಹಾಗೆನ್‌ಬೆಕ್ ಅವರ ಸರಳುಗಳಿಲ್ಲದ ಮೃಗಾಲಯ ತೆರೆಯಿತು. ಎಡ್ವರ್ಡ್ ಬುಖ್ನರ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಪಿಟೀಲು ವಾದಕ ಜೋಸೆಫ್ ಯೋಆಖಿಮ್ ಬರ್ಲಿನ್ನಿನಲ್ಲಿ ತೀರಿಕೊಂಡರು. ಅದೇ ವರ್ಷದ ಮೇ ಕೊನೆಯಲ್ಲಿ, ಹುಟ್ಟೂರು ಬಾನ್‌ನಲ್ಲಿ ಬ್ರಾಂಡಿಸ್ ಕಣ್ಣುಮುಚ್ಚಿದರು.

ಫಾರ್ವರ್ಡ್ ಮಾಡುವ ಮುನ್ನ

ನಾವು ಹೇಳುವುದು ಇಷ್ಟೇ. ಬ್ರಾಂಡಿಸ್ ದೇವರೂ ಅಲ್ಲ, ಲೂಟಿಕೋರರೂ ಅಲ್ಲ. ಒಂದು ಸಾಮ್ರಾಜ್ಯಕ್ಕೆ ಮರ ಒದಗಿಸುವ ನೌಕರಿ ಅವರದು, ಅದನ್ನು ಲೆಕ್ಕವಿಟ್ಟು ಮಾಡಿದರು. ಅವರು ಹೇಳಿದ್ದು ಎರಡು ಮಾತು: ಎಣಿಸಿ ಕಡಿಯಿರಿ, ಊರಿಗೂ ಪಾಲು ಬಿಡಿ. ಬ್ರಿಟಿಷ್ ಸರ್ಕಾರ ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಕೈಬಿಟ್ಟಿತು. ಸ್ವಾತಂತ್ರ್ಯದ ನಂತರವೂ ಬಹುಕಾಲ ಹಾಗೇ ನಡೆಯಿತು.

ಆ ಎರಡನೆಯ ಮಾತು ಕಾನೂನಾಗಿ ಬಂದದ್ದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ನೆಲೆಸಿ ಅದನ್ನೇ ನಂಬಿ ಬದುಕುತ್ತಿರುವವರಿಗೆ ಇದು ಅನ್ವಯ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಇಲ್ಲಿನ ಸಿದ್ದಿಗಳಿಗೆ ಅಷ್ಟು ಸಾಕು. ಆ ಪಟ್ಟಿಯಲ್ಲಿಲ್ಲದವರು ಮಾತ್ರ ಮೂರು ತಲೆಮಾರು, ಅಂದರೆ 75 ವರ್ಷದ ನೆಲೆ ತೋರಿಸಬೇಕು.

ಹಳೆಯ ದಾಖಲೆ ಇಲ್ಲದಿದ್ದರೆ ಅರ್ಜಿ ಹಾಕುವಂತೆಯೇ ಇಲ್ಲ ಎಂಬ ಮಾತು ಊರೂರಲ್ಲಿ ಹರಡಿದೆ. ಅದು ತಪ್ಪು. ಊರಿನ ಹಿರಿಯರ ಹೇಳಿಕೆ, ಹಳೆಯ ಮನೆ, ಬಾವಿ, ಸಮಾಧಿಯಂಥ ಗುರುತುಗಳನ್ನೂ ನಿಯಮಗಳು ಪುರಾವೆಯೆಂದು ಒಪ್ಪುತ್ತವೆ. ಅರ್ಜಿ ಮೊದಲು ಹೋಗುವುದು ಗ್ರಾಮಸಭೆಗೆ. ಇಡೀ ಊರು ಸೇರಿ ಸಮುದಾಯ ಹಕ್ಕನ್ನೂ ಕೇಳಬಹುದು.

ಜೋಯಿಡಾದ ಗೆಡ್ಡೆ-ಗೆಣಸು ಮೇಳದಲ್ಲಿ ಕುಣಬಿ ಹೆಂಗಸರು ಸಾಲಾಗಿ ಜೋಡಿಸಿಡುವ ಬಗೆಬಗೆಯ ಗೆಣಸುಗಳನ್ನು ಒಮ್ಮೆ ನೋಡಿ. ಕಾಡಂಚಿನ ಜನರಿಗೆ ಕಾಡು ಗೊತ್ತಿರಲಿಲ್ಲ ಎಂಬ ಮೆಸೇಜ್ ಫಾರ್ವರ್ಡ್ ಮಾಡಲು ಆಮೇಲೆ ಬೆರಳು ಏಳುವುದಿಲ್ಲ. ಕಳಿಸಲೇಬೇಕೆಂದಿದ್ದರೆ ಹಿರಿಯರ ಹೇಳಿಕೆಯೂ ಪುರಾವೆ ಎಂಬ ಮಾತನ್ನು ಕಳಿಸಿ. ಯಾರದೋ ಮನೆಯಲ್ಲಿ ಅದು ಉಪಯೋಗಕ್ಕೆ ಬಂದೀತು.