ಧಾರವಾಡದ ಪಾಲ್ವಂಕರ್ ಬಾಲೂ

ಪಾಲ್ವಂಕರ್ ಬಾಲೂ 1876ರಲ್ಲಿ ಧಾರವಾಡದಲ್ಲಿ, ಅಸ್ಪೃಶ್ಯರೆನಿಸಿದ್ದ ಚಮ್ಮಾರ ಕುಟುಂಬದಲ್ಲಿ ಜನಿಸಿದರು. ಪುಣೆಯ ಕ್ರಿಕೆಟ್ ಕ್ಲಬ್‌ಗಳಲ್ಲಿ ಪಿಚ್ ಗುಡಿಸುವ ಕೆಲಸ; ಸಂಬಳ ತಿಂಗಳಿಗೆ ಮೂರ್ನಾಲ್ಕು ರೂಪಾಯಿ. ಅಲ್ಲಿ ಇಂಗ್ಲಿಷರ ಅಭ್ಯಾಸಕ್ಕೆ ಚೆಂಡೆಸೆಯುತ್ತಲೇ ಎಡಗೈ ಸ್ಪಿನ್ ಪಳಗಿಸಿಕೊಂಡರು. ಗೆಲ್ಲಬೇಕೆಂದು ಪುಣೆಯ ಹಿಂದೂ ತಂಡದವರು ಅವರನ್ನು ಸೇರಿಸಿಕೊಂಡರು. ಆದರೆ ಅವರಿಗೆ ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ.

1906ರಲ್ಲಿ ಬೊಂಬಾಯಿಯಲ್ಲಿ ಯುರೋಪಿಯನ್ನರನ್ನು ಸೋಲಿಸಿದ ಹಿಂದೂ ತಂಡದಲ್ಲಿ ಅವರಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. 1923ರಲ್ಲಿ ಅದು ತಮ್ಮ ವಿಠ್ಠಲರಿಗೆ ಒಲಿಯಿತು. ಬಾಲೂ 1955ರಲ್ಲಿ ನಿಧನರಾದರು.

ರಾವಂದೂರಿನ ನಮ್ಮ ಶಾಲೆಯ ಮಕ್ಕಳಿಗೆ ಈ ಹೆಸರು ನೆನಪಿರಲಿ. ಆಟದಲ್ಲಿ ಜೊತೆಯಾದವರು ಊಟದಲ್ಲೂ ಜೊತೆ ಕೂರಲಿ.