ರ‍್ಯಾಮ್ ಎಲ್ಲ ಒಂದೇನಾ? ಸರ್ವರ್ ಬಿಚ್ಚುವ ಮುನ್ನ ಸೆಮೋರ್ ಕ್ರೇ ಕಥೆ ಓದಿ

ಸರ್ವರ್‌ಗೆ ಹಾಕುವ ರ‍್ಯಾಮ್‌ಗೂ ಮನೆ ಕಂಪ್ಯೂಟರ್‌ನ ರ‍್ಯಾಮ್‌ಗೂ ವ್ಯತ್ಯಾಸವೇ ಇಲ್ಲ, ಇಸಿಸಿ ಅಂತ ಬರೆದಿರುವುದೆಲ್ಲ ದುಡ್ಡು ಕೀಳುವ ತಂತ್ರ ಎನ್ನುವವರಿದ್ದಾರೆ. ನಿಜವೇ? ಅಲ್ಲ. ಮೈಸೂರಿನ ಲಷ್ಕರ್ ಮೊಹಲ್ಲಾದಂಥ ವ್ಯಾಪಾರದ ಜಾಗದಲ್ಲಿ ಎರಡು ಪ್ರೊಸೆಸರ್‌ನ ಸೆಕೆಂಡ್‌ಹ್ಯಾಂಡ್ ಸರ್ವರ್ ಇಟ್ಟು ಬಿಲ್ಲು, ಸ್ಟಾಕು, ಸಾಲದ ಲೆಕ್ಕ ನಡೆಸುವವರು ಈ ಮಾತು ನಂಬಿದರೆ ಕಷ್ಟ. ಸೂಪರ್ ಕಂಪ್ಯೂಟರ್‌ನ ಪಿತಾಮಹ ಎನಿಸಿಕೊಂಡ ಸೆಮೋರ್ ಕ್ರೇ ಅವರೇ ಈ ವಿಷಯದಲ್ಲಿ ಎಡವಿದ್ದರು.

ಕ್ರೇ ಹುಟ್ಟಿದ್ದು 1925ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಎಂಬ ಸಣ್ಣ ಊರಲ್ಲಿ. ತಂದೆ ಸಿವಿಲ್ ಎಂಜಿನಿಯರ್. ತೂತು ಕೊರೆದ ಕಾಗದದ ಪಟ್ಟಿಯನ್ನು ಮೋರ್ಸ್ ಸಂಕೇತವಾಗಿ ಬದಲಿಸುವ ಯಂತ್ರವನ್ನು ಹತ್ತು ವರ್ಷದ ಹುಡುಗನಾಗಿದ್ದಾಗಲೇ ಆಟಿಕೆ ಬಿಡಿಭಾಗಗಳಿಂದ ಜೋಡಿಸಿದ್ದರಂತೆ. ಎರಡನೇ ಮಹಾಯುದ್ಧದಲ್ಲಿ ರೇಡಿಯೊ ಆಪರೇಟರ್ ಆಗಿ ದುಡಿದು, ಬಳಿಕ ಎಂಜಿನಿಯರಿಂಗ್, ಗಣಿತ ಓದಿದರು. 1964ರಲ್ಲಿ ಅವರು ವಿನ್ಯಾಸ ಮಾಡಿದ ಸಿಡಿಸಿ 6600 ಆಗ ಜಗತ್ತಿನಲ್ಲೇ ಅತಿ ವೇಗದ ಕಂಪ್ಯೂಟರ್.

ವೇಗವೇ ಅವರ ಹಟ. 6600ರ ಮೆಮೊರಿಯಲ್ಲಿ ತಪ್ಪು ಪತ್ತೆಹಚ್ಚುವ ಹೆಚ್ಚುವರಿ ಬಿಟ್ಟನ್ನೂ ಇಡಲಿಲ್ಲ, ಅದು ವೇಗಕ್ಕೆ ಅಡ್ಡಿ ಎಂಬುದು ಅವರ ವಾದ. 1972ರಲ್ಲಿ ಸ್ವಂತ ಕಂಪನಿ ಕಟ್ಟಿ ಕ್ರೇ-1 ತಯಾರಿಸಿದಾಗ ಮೊದಲ ಯಂತ್ರದಲ್ಲಿ ತಪ್ಪು ಗುರುತಿಸುವ ವ್ಯವಸ್ಥೆ ಇತ್ತು, ತಿದ್ದುವ ವ್ಯವಸ್ಥೆ ಇರಲಿಲ್ಲ. ಆ ಯಂತ್ರ 1976ರಲ್ಲಿ ಲಾಸ್ ಅಲಾಮಾಸ್ ಪ್ರಯೋಗಾಲಯಕ್ಕೆ ಹೋಯಿತು. ಆರು ತಿಂಗಳಲ್ಲಿ ಮೆಮೊರಿ ದೋಷಗಳು 152!

ಯಾರದು ತಪ್ಪು? ಲಾಸ್ ಅಲಾಮಾಸ್ ಇರುವುದು ನಮ್ಮ ಚಾಮುಂಡಿ ಬೆಟ್ಟದ ಸುಮಾರು ಎರಡರಷ್ಟು ಎತ್ತರದಲ್ಲಿ. ಬಾಹ್ಯಾಕಾಶದ ಕಿರಣಗಳು ಗಾಳಿಗೆ ಬಡಿದಾಗ ಹುಟ್ಟುವ ನ್ಯೂಟ್ರಾನ್‌ಗಳು ಎತ್ತರದಲ್ಲಿ ಹೆಚ್ಚು. ಅವು ಚಿಪ್‌ಗೆ ತಾಗಿದರೆ 0 ಹೋಗಿ 1 ಆಗಬಹುದು. ಆ ದೋಷಗಳಿಗೆ ಇದೇ ಕಾರಣ ಎಂದು ವಿಜ್ಞಾನಿಗಳು ವಿಶ್ಲೇಷಿಸಿದ್ದು ದಶಕಗಳ ನಂತರ. ಕ್ರೇ ಕಂಪನಿ ಮಾತ್ರ ಕಾಯಲಿಲ್ಲ. ಮುಂದಿನ ಯಂತ್ರಗಳಲ್ಲಿ ಪ್ರತಿ 64 ಬಿಟ್‌ಗೆ 8 ಕಾವಲು ಬಿಟ್ ಸೇರಿಸಿತು. ಒಂದು ಬಿಟ್ ಕೆಟ್ಟರೆ ಯಂತ್ರವೇ ತಿದ್ದಿಕೊಳ್ಳುತ್ತದೆ, ಎರಡು ಕೆಟ್ಟರೆ ಎಚ್ಚರಿಸುತ್ತದೆ. ಇವತ್ತಿನ ಡಿಡಿಆರ್4 ಇಸಿಸಿ ರ‍್ಯಾಮ್‌ನಲ್ಲಿರುವುದೂ ಇದೇ 64ಕ್ಕೆ 8ರ ಲೆಕ್ಕ.

1985ರ ಕ್ರೇ-2ರಲ್ಲಿ ನಾಲ್ಕು ಪ್ರೊಸೆಸರ್. ಇಡೀ ಯಂತ್ರ ವಿದ್ಯುತ್ ಹರಿಸದ ದ್ರವದಲ್ಲಿ ಮುಳುಗಿರುತ್ತಿತ್ತು, ಒಂದು ಬೋರ್ಡ್ ಬದಲಿಸಬೇಕಾದರೂ ಮೊದಲು ದ್ರವ ಖಾಲಿ ಮಾಡಬೇಕು. (ಫ್ಯಾನಿನ ಧೂಳು ಒರೆಸಲು ಬೇಜಾರು ಮಾಡಿಕೊಳ್ಳುವವರು ಗಮನಿಸಿ.)

ಅದೇ ದಶಕದಲ್ಲಿ ಭಾರತ ಕ್ರೇ ಕಂಪನಿಯ ಎರಡು ಪ್ರೊಸೆಸರ್‌ನ ಎಕ್ಸ್-ಎಂಪಿ ಕೇಳಿದಾಗ ಅಮೆರಿಕ ಒಪ್ಪಿದ್ದು ಒಂದೇ ಪ್ರೊಸೆಸರ್‌ನದಕ್ಕೆ, ಅದೂ ದೆಹಲಿಯ ಹವಾಮಾನ ಕೆಲಸಕ್ಕೆ. ಇತ್ತ ಬೆಂಗಳೂರಿನ ಎನ್ಎಎಲ್ 1986ರಲ್ಲೇ ನಾಲ್ಕು ಪ್ರೊಸೆಸರ್ ಜೋಡಿಸಿ ಫ್ಲೋಸಾಲ್ವರ್ ನಡೆಸಿ ತೋರಿಸಿತ್ತು.

ಕ್ರೇ ಅವರ ಕೊನೆಯ ವರ್ಷಗಳು ಸುಖದವಲ್ಲ. 1989ರಲ್ಲಿ ಶುರುವಾದ ಹೊಸ ಕಂಪನಿ 1995ರಲ್ಲಿ ದಿವಾಳಿಯಾಯಿತು. ಮರುವರ್ಷ ಕಾರು ಅಪಘಾತದಲ್ಲಿ ಗಾಯಗೊಂಡು, 1996ರ ಅಕ್ಟೋಬರ್ 5ರಂದು ತೀರಿಕೊಂಡರು. ವಯಸ್ಸು 71.

ನಿಮ್ಮ ಸರ್ವರ್‌ಗೆ ರ‍್ಯಾಮ್ ಹಾಕಿಸುವುದಿದ್ದರೆ ಬೋರ್ಡ್ ಒಪ್ಪುವ ಇಸಿಸಿ ಬಗೆಯನ್ನೇ ಕೇಳಿ ಕೊಳ್ಳಿ. ರಿಜಿಸ್ಟರ್ಡ್ ರ‍್ಯಾಮ್ ಜೊತೆ ಸಾದಾ ರ‍್ಯಾಮ್ ಬೆರೆಸಿದರೆ ಯಂತ್ರ ಆನ್ ಆಗದು. ಎರಡನೇ ಪ್ರೊಸೆಸರ್ ಇಲ್ಲದಿದ್ದರೆ ಅದರ ಪಕ್ಕದ ಸ್ಲಾಟ್‌ಗಳೂ ಕೆಲಸ ಮಾಡವು. ಪವರ್ ಸಪ್ಲೈ ಎರಡಿದ್ದರೆ ಎರಡೂ ಪ್ಲಗ್ ಕಿತ್ತು, ಬಿಚ್ಚುವ ಮುಂಚೆ ಲೋಹದ ಪೆಟ್ಟಿಗೆ ಮುಟ್ಟಿ. ದೋಷದ ಲಾಗ್‌ನಲ್ಲಿ ತಿದ್ದಿದ ತಪ್ಪು ಎಂದು ಒಂದೇ ಸ್ಲಾಟಿನ ಹೆಸರು ಪದೇಪದೇ ಬರುತ್ತಿದ್ದರೆ, ಸರ್ವರ್ ಚೆನ್ನಾಗಿ ಓಡುತ್ತಿದ್ದರೂ ಆ ರ‍್ಯಾಮ್ ಬದಲಿಸಿ.